ಜಿಯೋಕ್ಯಾಶ್ ಡಬ್ಬಿಯಲ್ಲಿ ಎಳ್ಳು–ಬೆಲ್ಲ ಇಟ್ಟು ಬಂದಿದ್ದೇವೆ, ಹೋಗಿ ತೆಗೆಯಲೇಬೇಕೆ?

ಪ್ರಶ್ನೆ (ಅಮೆರಿಕದ ಒರೆಗಾನ್ ರಾಜ್ಯದ ಬೀವರ್ಟನ್‌ನಲ್ಲಿರುವ ಸದಸ್ಯರಿಂದ)

ನಮಸ್ಕಾರ ಡಾಕ್ಟರ್ ಮೇಡಂ. ಕಳೆದ ಒಂದು ವರ್ಷದಿಂದ ನಾನು, ನನ್ನ ಹೆಂಡತಿ ಮತ್ತು ಒಂಬತ್ತು ವರ್ಷದ ಮಗ ರಜೆಯ ದಿನಗಳಲ್ಲಿ ಜಿಯೋಕ್ಯಾಶಿಂಗ್‌ಗೆ ಹೋಗುತ್ತಿದ್ದೇವೆ. ಗುಂಪಿನಲ್ಲಿ ಈ ಆಟವನ್ನು ತಿಳಿಯದವರಿಗಾಗಿ ಎರಡು ಮಾತು ಹೇಳುತ್ತೇನೆ. ಒಬ್ಬರು ಕಾಡಿನಲ್ಲೋ ಉದ್ಯಾನದಲ್ಲೋ ಒಂದು ಡಬ್ಬಿಯನ್ನು ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ನೆರವಿನಿಂದ ಅದನ್ನು ಹುಡುಕಿ, ಒಳಗಿರುವ ಲಾಗ್‌ಬುಕ್ಕಿನಲ್ಲಿ ಹೆಸರು ಬರೆದು, ಬೇಕೆನಿಸಿದ ಸಣ್ಣ ವಸ್ತುವೊಂದನ್ನು ತೆಗೆದುಕೊಂಡು, ಅದರ ಬದಲಿಗೆ ತಮ್ಮದೊಂದನ್ನು ಇಟ್ಟು ಬರುತ್ತಾರೆ. ಈ ಸಂಕ್ರಾಂತಿಯ ದಿನ ಟಿಲ್ಲಮೂಕ್ ಕಾಡಿನ ಒಂದು ಡಬ್ಬಿಯಲ್ಲಿ, ಮಗ ಆಸೆಪಟ್ಟನೆಂದು, ಎಳ್ಳು–ಬೆಲ್ಲದ ಐದು ಪೊಟ್ಟಣಗಳನ್ನೂ ಎರಡು ಚಾಕೊಲೇಟುಗಳನ್ನೂ ಇಟ್ಟು ಬಂದೆವು. ಮಾರನೆಯ ದಿನ ಅಪರಿಚಿತ ಆಟಗಾರರೊಬ್ಬರು, ತಿನಿಸು ಇಡುವುದು ನಿಯಮಕ್ಕೆ ವಿರುದ್ಧ, ದಯವಿಟ್ಟು ತೆಗೆಯಿರಿ ಎಂದು ಸಂದೇಶ ಕಳುಹಿಸಿದರು. ಹಬ್ಬದ ದಿನ ಎಳ್ಳು ಬೀರುವುದು ನಮ್ಮ ಪದ್ಧತಿ. ತಿನಿಸು ಪೂರ್ತಿ ಒಣಗಿದ್ದು, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿದೆ, ಡಬ್ಬಿಯೂ ಬಿಗಿ ಮುಚ್ಚಳದ್ದು. ಇದರಿಂದ ನಿಜವಾಗಿ ಏನು ತೊಂದರೆ? ನೀವು ವನ್ಯಜೀವಿ ವೈದ್ಯರಾದ್ದರಿಂದ ನಿಮ್ಮಲ್ಲಿ ಕೇಳುತ್ತಿದ್ದೇನೆ.

ಉತ್ತರ

ನಮಸ್ಕಾರ ಸರ್. ಮೊದಲು ಕೆಲಸದ ಮಾತು: ಸಾಧ್ಯವಾದರೆ ಈ ವಾರವೇ ಹೋಗಿ ಆ ಪೊಟ್ಟಣಗಳನ್ನು ತೆಗೆದುಬಿಡಿ. ನಿಮ್ಮ ಮಗನ ಮನಸ್ಸು ಒಳ್ಳೆಯದು, ಅವನನ್ನು ಗದರಬೇಡಿ. ಕಾರಣ ತಿಳಿದರೆ ಅವನೇ ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾನೆ.

ಭದ್ರವಾಗಿದೆ ಎಂದು ನಾವು ಹೇಳುವಾಗ ನೀರು ಒಳಗೆ ಹೋಗುವುದಿಲ್ಲ ಎಂಬುದಷ್ಟೇ ನಮ್ಮ ಮನಸ್ಸಿನಲ್ಲಿರುತ್ತದೆ. ವಾಸನೆಯ ಲೆಕ್ಕ ಬೇರೆ. ಜಿಪ್ ಚೀಲಗಳನ್ನು ಮಾಡುವ ಪಾಲಿಥೀನ್ ನೀರನ್ನು ತಡೆದರೂ ವಾಸನೆಯ ಅಣುಗಳನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಹುರಿದ ಎಳ್ಳು, ಹುರಿದ ಕಡಲೆಕಾಯಿ, ಕೊಬ್ಬರಿ ಮೂರೂ ಎಣ್ಣೆಯ ಅಂಶ ಹೆಚ್ಚಿರುವ ಪದಾರ್ಥಗಳು. ಅವನ್ನು ಮುಟ್ಟಿದ ಬೆರಳಿನಿಂದಲೇ ಚೀಲವನ್ನು ಮುಚ್ಚುತ್ತೇವೆ, ಅದೇ ಬೆರಳಿನಿಂದ ಡಬ್ಬಿಯ ಮುಚ್ಚಳವನ್ನೂ ಒತ್ತುತ್ತೇವೆ. ಹೀಗೆ ಡಬ್ಬಿಯ ಹೊರಮೈಯೇ ಕಾಡಿಗೆ ಸುದ್ದಿ ಮುಟ್ಟಿಸುತ್ತದೆ. ಮನುಷ್ಯರು ಬಂದು ಹುಡುಕುವುದಕ್ಕಿಂತ ಎಷ್ಟೋ ದಿನ ಮೊದಲು ಮೂಗಿನಿಂದ ಹುಡುಕುವವರು ಅಲ್ಲಿಗೆ ಬಂದಿರುತ್ತಾರೆ.

ಹಾಗೆ ಬರುವವರಲ್ಲಿ ನನಗೆ ಹೆಚ್ಚು ಚಿಂತೆಯಿರುವುದು ಕಪ್ಪು ಕರಡಿಯ ಬಗ್ಗೆ. ಜನವರಿಯಲ್ಲಿ ಹೆಚ್ಚಿನ ಕರಡಿಗಳು ಚಳಿನಿದ್ದೆಯಲ್ಲಿರುತ್ತವೆ, ಆದ್ದರಿಂದ ನಾಳೆಯೇ ಅನಾಹುತವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಡಬ್ಬಿ ಅಲ್ಲೇ ಇರುತ್ತದೆ. ವಸಂತದಲ್ಲಿ ಅವು ಹಸಿದು ಹೊರಬರುತ್ತವೆ; ಶರತ್ಕಾಲದಲ್ಲಂತೂ ಚಳಿಗಾಲಕ್ಕೆ ಕೊಬ್ಬು ಕೂಡಿಸಿಕೊಳ್ಳಲು ಒಂದು ಕರಡಿ ದಿನಕ್ಕೆ 20,000 ಕ್ಯಾಲೊರಿಯವರೆಗೂ ತಿನ್ನಬಲ್ಲದು. ಗಂಟೆಗಟ್ಟಲೆ ಹಣ್ಣು, ಕಾಯಿ, ಇರುವೆಗೂಡುಗಳನ್ನು ಹುಡುಕಿ ಹೊಟ್ಟೆ ತುಂಬಿಸಿಕೊಳ್ಳುವ ಪ್ರಾಣಿಗೆ ಒಮ್ಮೆ ಮನುಷ್ಯರ ಡಬ್ಬಿಯಲ್ಲಿ ಬೆಲ್ಲ ಸಿಕ್ಕಿದರೆ ಅದು ಆ ಪಾಠವನ್ನು ಮರೆಯುವುದಿಲ್ಲ, ತಾಯಿ ಕರಡಿಯಾದರೆ ಮರಿಗಳಿಗೂ ಕಲಿಸುತ್ತದೆ. ಬೆಲ್ಲದ ಸೆಳೆತ ಎಷ್ಟೆಂಬುದು ನಮ್ಮ ಹೊಸಪೇಟೆಯ ಹತ್ತಿರದ ದರೋಜಿ ಕರಡಿಧಾಮಕ್ಕೆ ಹೋದವರಿಗೆ ಗೊತ್ತು. ಅಲ್ಲಿಯ ಕರಡಿ ಬೇರೆ ಜಾತಿಯದಾದರೂ, ಬಂಡೆಗಳ ಮೇಲೆ ಬೆಲ್ಲದ ಪಾಕ ಬಳಿದರೆ ಸಾಕು, ಸಂಜೆಯ ಹೊತ್ತಿಗೆ ಬಂದು ನೆಕ್ಕುತ್ತದೆ. ಅಲ್ಲಿ ಆ ಕೆಲಸವನ್ನು ಅರಣ್ಯ ಸಿಬ್ಬಂದಿ ಗೊತ್ತುಪಡಿಸಿದ ಜಾಗದಲ್ಲಿ, ಪ್ರವಾಸಿಗರನ್ನು ದೂರದಲ್ಲಿ ನಿಲ್ಲಿಸಿ ಮಾಡುತ್ತಾರೆ. ನಿಮ್ಮ ಡಬ್ಬಿಯನ್ನಾದರೋ ಮಕ್ಕಳು ಬಗ್ಗಿ ಕೈಹಾಕಿ ತೆಗೆಯುತ್ತಾರೆ.

ಮನುಷ್ಯರ ತಿನಿಸಿನ ರುಚಿ ಹತ್ತಿದ ಕರಡಿ ಮುಂದೆ ಡೇರೆಗೆ, ಕಾರಿಗೆ, ಮನೆಯ ಕಸದ ತೊಟ್ಟಿಗೆ ಬರುತ್ತದೆ. ದೂರ ಸಾಗಿಸಿ ಬಿಟ್ಟರೂ ಎಷ್ಟೋ ಕರಡಿಗಳು ಹಿಂದಿರುಗುತ್ತವೆ, ಇಲ್ಲವೇ ಹೊಸ ಊರಿನಲ್ಲಿ ಅದೇ ಕೆಲಸವನ್ನು ಮುಂದುವರಿಸುತ್ತವೆ. ಕೊನೆಗೆ ಜನರ ಸುರಕ್ಷತೆಗಾಗಿ ಅವನ್ನು ಕೊಲ್ಲುವ ತೀರ್ಮಾನವಾಗುತ್ತದೆ. ಆರೋಗ್ಯವಾಗಿರುವ, ಯಾವ ರೋಗವೂ ಇಲ್ಲದ ಪ್ರಾಣಿಗೆ ಆ ಸೂಜಿ ಚುಚ್ಚುವುದು ನನ್ನ ವೃತ್ತಿಯಲ್ಲಿ ನಾನು ಅತ್ಯಂತ ದ್ವೇಷಿಸುವ ಕೆಲಸ. ಒರೆಗಾನ್‌ನಲ್ಲಿ ಕರಡಿ, ಕೂಗರ್ (ಅಮೆರಿಕದ ಪರ್ವತ ಸಿಂಹ), ಕಯೋಟಿ (ನರಿಯಂಥ ಕಾಡುನಾಯಿ) ಮತ್ತು ತೋಳಗಳನ್ನು ಸೆಳೆಯುವಂತೆ ಗೊತ್ತಿದ್ದೂ ಆಹಾರ ಇಡುವುದನ್ನು ಕಾನೂನು ನಿಷೇಧಿಸಿರುವುದು ಇದೇ ಕಾರಣಕ್ಕೆ.

ಕರಡಿ ಬರಬಹುದು, ಬಾರದೆಯೂ ಇರಬಹುದು. ಇಲಿಗಳು ಮಾತ್ರ ಖಂಡಿತ ಬರುತ್ತವೆ. ಇಲಿಯ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಅದಕ್ಕೆ ಕಚ್ಚಿ ಸವೆಸುವುದು ಅನಿವಾರ್ಯ. ಪ್ಲಾಸ್ಟಿಕ್ ಡಬ್ಬಿಯ ಮೂಲೆಯನ್ನು ಒಂದು ರಾತ್ರಿಯಲ್ಲಿ ತೂತು ಮಾಡಬಲ್ಲದು. ತೂತಾದ ಡಬ್ಬಿಗೆ ಒರೆಗಾನ್‌ನ ಮಳೆ ನುಗ್ಗುತ್ತದೆ, ಗಾಳಿಯ ತೇವವನ್ನು ಹೀರುವ ಬೆಲ್ಲ ಕರಗಿ ಅಂಟಾಗುತ್ತದೆ, ಹತ್ತು ವರ್ಷಗಳಿಂದ ಜನ ಹೆಸರು ಬರೆದ ಲಾಗ್‌ಬುಕ್ಕು ಬೂಷ್ಟು ಹಿಡಿದ ಮುದ್ದೆಯಾಗುತ್ತದೆ. ಅದಕ್ಕಿಂತ ಗಂಭೀರವಾದ ಮಾತೊಂದಿದೆ. ಅಮೆರಿಕದ ಪಶ್ಚಿಮ ಭಾಗದ ಡೀರ್ ಮೌಸ್ ಎಂಬ ಕಾಡಿಲಿ ಒಂದು ಬಗೆಯ ಹಾಂಟಾವೈರಸ್ ಅನ್ನು ಹೊತ್ತಿರಬಹುದು. ಇಲಿಯ ಮೂತ್ರ, ಹಿಕ್ಕೆ, ಗೂಡಿನ ಧೂಳು ಉಸಿರಿನೊಡನೆ ಒಳಹೋದರೆ ಸೋಂಕು ತಗಲುತ್ತದೆ. 1993ರಲ್ಲಿ ಅರಿಜೋನಾ, ನ್ಯೂ ಮೆಕ್ಸಿಕೊ, ಕೊಲರಾಡೊ, ಯೂಟಾ ರಾಜ್ಯಗಳು ಕೂಡುವ ಸೀಮೆಯಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಲಾಯಿತು. ಕಾಯಿಲೆ ಬಹಳ ಅಪರೂಪದ್ದು, ಆದರೆ ಶ್ವಾಸಕೋಶಕ್ಕೆ ಇಳಿದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಉಳಿಯುವುದಿಲ್ಲ. ಆದ್ದರಿಂದ ನೀವು ಹೋದಾಗ ಡಬ್ಬಿಯಲ್ಲಿ ಹಿಕ್ಕೆ ಕಂಡರೆ ಮಗನನ್ನು ದೂರ ನಿಲ್ಲಿಸಿ. ಊದಬೇಡಿ, ಒಣಗಿದ್ದಾಗ ಕೊಡವಬೇಡಿ. ಕೈಗವಸು ಹಾಕಿಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣದಿಂದ ಚೆನ್ನಾಗಿ ನೆನೆಸಿ, ಐದು ನಿಮಿಷ ಬಿಟ್ಟು, ಕಾಗದದಿಂದ ಒರೆಸಿ ತೆಗೆಯಿರಿ.

ಇನ್ನು, ಕರಡಿಯೂ ಇಲಿಯೂ ಬಾರದೆ ನಿಮ್ಮ ಪೊಟ್ಟಣ ಇನ್ನೊಂದು ಮಗುವಿನ ಕೈಗೇ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಎಳ್ಳು–ಬೆಲ್ಲದಲ್ಲಿ ಕಡಲೆಕಾಯಿಯೂ ಇದೆ, ಎಳ್ಳೂ ಇದೆ. ಕಡಲೆಕಾಯಿಯ ಅಲರ್ಜಿ ಇಲ್ಲಿಯ ಮಕ್ಕಳಲ್ಲಿ ಎಷ್ಟು ಸಾಮಾನ್ಯವೆಂಬುದು ಶಾಲೆಗೆ ತಿಂಡಿ ಕಟ್ಟಿಕೊಡುವ ನಿಮಗೆ ಗೊತ್ತೇ ಇದೆ. ಎಳ್ಳನ್ನು 2021ರ ಕಾಯಿದೆಯೊಂದು ಒಂಬತ್ತನೆಯ ಪ್ರಮುಖ ಅಲರ್ಜಿಕಾರಕವೆಂದು ಸೇರಿಸಿತು; 2023ರ ಜನವರಿ 1ರಿಂದ ಪ್ಯಾಕೆಟ್ಟಿನ ಮೇಲೆ ಅದನ್ನು ನಮೂದಿಸುವುದು ಕಡ್ಡಾಯ. ನಿಮ್ಮ ಪೊಟ್ಟಣದ ಮೇಲೆ ಏನೂ ಬರೆದಿಲ್ಲ. ರಸ್ತೆಯಿಂದ ಎರಡು ಮೈಲಿ ಒಳಗೆ, ಫೋನ್ ಸಿಗ್ನಲ್ ಇಲ್ಲದ ಕಡೆ ಒಂದು ಮಗುವಿನ ಗಂಟಲು ಊದಿಕೊಂಡರೆ ಆ ತಂದೆತಾಯಿಗಳು ಏನು ಮಾಡಬೇಕು? ನಮ್ಮ ಬೀದಿಯಲ್ಲಿ ಎಳ್ಳು ಬೀರುವಾಗ ಕೊಡುವವರ ಮುಖ ಪಡೆಯುವವರಿಗೆ ಗೊತ್ತಿರುತ್ತದೆ, ಏನು ಹಾಕಿದ್ದೀರಿ ಎಂದು ಕೇಳಬಹುದು. ಕಾಡಿನ ಡಬ್ಬಿಯಲ್ಲಿ ಹಾಗೆ ಕೇಳಲು ಯಾರೂ ಇರುವುದಿಲ್ಲ.

ಮತ್ತೊಬ್ಬ ಸದಸ್ಯರ ಪ್ರಶ್ನೆ

ಮೇಡಂ, ಈ ಆಟದ ಮೊಟ್ಟಮೊದಲ ಡಬ್ಬಿಯಲ್ಲಿಯೇ ಆಹಾರವಿತ್ತು ಎಂದು ಓದಿದ ನೆನಪು. ಸೈನ್ಯದವರು ಗುಂಡು ತುಂಬಿಡುವ ಕಬ್ಬಿಣದ ಪೆಟ್ಟಿಗೆಯಲ್ಲಿ, ಕಾರ್ಖಾನೆಯಲ್ಲೇ ಮುಚ್ಚಿದ ತಿನಿಸನ್ನು ಇಟ್ಟರೂ ತಪ್ಪೇ?

ಉತ್ತರ

ನಿಮ್ಮ ನೆನಪು ಸರಿಯಾಗಿದೆ ಸರ್. ಅಮೆರಿಕ ಸರ್ಕಾರ 2000ದ ಮೇ ತಿಂಗಳ ಆರಂಭದಲ್ಲಿ ಜನಸಾಮಾನ್ಯರ ಜಿಪಿಎಸ್ ಸಂಕೇತದ ನಿಖರತೆಯನ್ನು ಬೇಕೆಂದೇ ತಗ್ಗಿಸಿದ್ದ ಮಸುಕನ್ನು ತೆಗೆದ ಕೂಡಲೇ, ಮೇ 3ರಂದು ಡೇವ್ ಉಲ್ಮರ್ ಎಂಬವರು ಇದೇ ಒರೆಗಾನ್‌ನ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟನ್ನು ಹೂತಿಟ್ಟರು. ಅದರಲ್ಲಿ ಪುಸ್ತಕ, ಸಾಫ್ಟ್‌ವೇರ್, ಕವಣೆ ಮುಂತಾದವುಗಳ ಜೊತೆಗೆ ಬೀನ್ಸ್ ತುಂಬಿದ ತಗಡಿನ ಡಬ್ಬವೂ ಒಂದಿತ್ತು. ಅದನ್ನು ಯಾರೂ ತಿನ್ನಲಿಲ್ಲ. ಮುಂದೆ ಅದು ಮತ್ತೆ ಸಿಕ್ಕಿದಾಗ ಆಟದ ಸ್ಮರಣಿಕೆಯಾಯಿತು. ಆಗ ಇದ್ದದ್ದು ಒಂದೇ ಬಕೆಟ್ಟು. ಇಂದು ಜಗತ್ತಿನಾದ್ಯಂತ ಲಕ್ಷಾಂತರ ಡಬ್ಬಿಗಳಿವೆ, ನಿಯಮಗಳು ಅನುಭವದಿಂದ ಬಂದಿವೆ.

ಕಬ್ಬಿಣದ ಪೆಟ್ಟಿಗೆ ಇಲಿಯನ್ನು ತಡೆಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಅದರ ರಬ್ಬರ್ ಪಟ್ಟಿ ಸರಿಯಾಗಿ ಕೂತಿದ್ದರೆ ವಾಸನೆಯೂ ಬಹಳ ಕಡಿಮೆಯಾಗುತ್ತದೆ. ಆದರೆ ಬಂದವರೆಲ್ಲ ಮುಚ್ಚಳವನ್ನು ಸರಿಯಾಗಿ ಹಾಕುತ್ತಾರೆಂಬ ಭರವಸೆಯಿಲ್ಲ. ತಗಡಿನ ಡಬ್ಬದೊಳಗಿನ ನೀರಿನಂಶ ಚಳಿಗೆ ಹೆಪ್ಪುಗಟ್ಟಿ ಹಿಗ್ಗಿದರೆ ಬೆಸುಗೆ ಬಿಡುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ಸಿಕ್ಕಿದ ಪೆಟ್ಟಿಗೆಯೊಳಗೆ ಚಾಕೊಲೇಟು ಕರಗಿ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ.

ಚಾಕೊಲೇಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ಅದರಲ್ಲಿರುವ ಥಿಯೋಬ್ರೊಮಿನ್ ಅನ್ನು ನಮ್ಮ ದೇಹ ಬೇಗ ಕರಗಿಸುತ್ತದೆ, ನಾಯಿಯ ದೇಹ ಬಹಳ ನಿಧಾನವಾಗಿ ಕರಗಿಸುತ್ತದೆ. ಹತ್ತು ಕೆಜಿ ತೂಕದ ನಾಯಿಗೆ ವಾಂತಿ, ಚಡಪಡಿಕೆ ಶುರುವಾಗಲು ಸುಮಾರು 40 ಗ್ರಾಂ ಕಪ್ಪು ಚಾಕೊಲೇಟು ಸಾಕು. ಜಿಯೋಕ್ಯಾಶಿಂಗ್‌ಗೆ ನಾಯಿಯನ್ನು ಕರೆದುಕೊಂಡು ಬರುವವರು ಎಷ್ಟೊಂದು ಜನರಿದ್ದಾರೆ! ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ಅದಕ್ಕಿಂತಲೂ ಕೆಟ್ಟದ್ದು, ನಾಯಿಯ ರಕ್ತದ ಸಕ್ಕರೆಯನ್ನು ಗಂಟೆಯೊಳಗೆ ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. 2014ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ, ಬೇಟೆಗಾಗಿ ರಾಶಿ ಹಾಕಿದ್ದ ಸುಮಾರು 40 ಕೆಜಿ ಚಾಕೊಲೇಟು ಮತ್ತು ಡೋನಟ್ಟುಗಳನ್ನು ತಿಂದು ನಾಲ್ಕು ಕಪ್ಪು ಕರಡಿಗಳು ಒಂದೇ ಕಡೆ ಸತ್ತುಬಿದ್ದವು. ನಿಮ್ಮ ಎರಡು ಚಾಕೊಲೇಟಿನಿಂದ ಕರಡಿ ಸಾಯುವುದಿಲ್ಲ, ಆದರೆ ಸಣ್ಣ ಪ್ರಾಣಿಗಳ ವಿಷಯದಲ್ಲಿ ಅಷ್ಟು ಧೈರ್ಯದಿಂದ ಹೇಳಲಾರೆ.

ಇನ್ನೊಬ್ಬರ ಪ್ರಶ್ನೆ

ಹಾಗಾದರೆ ತಿನ್ನುವ ವಸ್ತು ಬೇಡ. ಕನ್ನಡ ನಾಡಿನ ಗುರುತಾಗಿ ಸಣ್ಣ ಮೈಸೂರು ಸ್ಯಾಂಡಲ್ ಸಾಬೂನನ್ನೋ ಊದಿನಕಡ್ಡಿಯನ್ನೋ ಇಡಬಹುದೇ? ನಮ್ಮ ಮನೆಯಲ್ಲಿ ಖಾಲಿ ಉಪ್ಪಿನಕಾಯಿ ಡಬ್ಬಿಗಳು ಬಹಳಷ್ಟಿವೆ, ಅವನ್ನೇ ಹೊಸ ಕ್ಯಾಶ್ (ಬಚ್ಚಿಡುವ ಡಬ್ಬಿ) ಮಾಡಬಹುದೇ?

ಉತ್ತರ

ಎರಡೂ ಬೇಡ ಮೇಡಂ. ಸುವಾಸನೆ ಬೀರುವುದೆಲ್ಲವೂ ಪ್ರಾಣಿಯ ಮೂಗಿಗೆ ಪರೀಕ್ಷಿಸಿ ನೋಡಬೇಕಾದ ಸಂಗತಿಯೇ. ಯೋಸೆಮಿಟಿಯಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ತಿಂಡಿಯ ಜೊತೆಗೆ ಸಾಬೂನು, ಟೂತ್‌ಪೇಸ್ಟುಗಳನ್ನೂ ಕರಡಿಗೆ ತೆರೆಯಲಾಗದ ಪೆಟ್ಟಿಗೆಯಲ್ಲಿಡಲು ಹೇಳುವುದು ಅದಕ್ಕಾಗಿಯೇ. ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿ ಎಣ್ಣೆ ಮತ್ತು ಇಂಗಿನ ವಾಸನೆಯನ್ನು ಹೀರಿಕೊಂಡಿರುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ. ಆಹಾರ ತುಂಬಿರದ ಹೊಸ ಡಬ್ಬಿಯನ್ನೇ ಕೊಳ್ಳಿರಿ. ಒಳಗಿಡಲು ಚನ್ನಪಟ್ಟಣದ ಪುಟ್ಟ ಬುಗುರಿ, ಹಳೆಯ ನಾಣ್ಯ, ಹಂಪಿಯ ರಥದ ಚಿತ್ರವಿರುವ ಕಾರ್ಡು ಆಗಬಹುದು. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ನಂದಿಬೆಟ್ಟದಲ್ಲಿ ಡಬ್ಬಿ ಇಡುವ ಯೋಚನೆಯಿದ್ದರೆ ಅಲ್ಲಿಯ ಕೋತಿಗಳನ್ನು ನೆನಪಿಡಿ. ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೇ ಸಾಕು, ಬಂದು ಕಸಿದುಕೊಳ್ಳುತ್ತವೆ. ಅಭಯಾರಣ್ಯದೊಳಗಾದರೆ ಅನುಮತಿಯಿಲ್ಲದೆ ಕಾಲಿಡುವುದಕ್ಕೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡ್ಡಿಯಿದೆ.

ಮೊದಲ ಪ್ರಶ್ನೆ ಕೇಳಿದ ಸದಸ್ಯರಿಂದ

ಡಾಕ್ಟರ್ ಮೇಡಂ, ಶನಿವಾರ ಹೋಗಿ ಬಂದೆವು. ಡಬ್ಬಿಯ ಒಂದು ಮೂಲೆಯನ್ನು ಆಗಲೇ ಕಚ್ಚಿದ್ದರೂ ತೂತಾಗಿರಲಿಲ್ಲ, ಒಳಗೆ ಹಿಕ್ಕೆಯೂ ಇರಲಿಲ್ಲ. ಐದು ಪೊಟ್ಟಣಗಳಲ್ಲಿ ನಾಲ್ಕು ಮಾತ್ರ ಇದ್ದವು. ಒಂದನ್ನು ಯಾರೋ ತೆಗೆದುಕೊಂಡಿದ್ದಾರೆ. ಅದರಲ್ಲಿ ಕಡಲೆಕಾಯಿ ಮತ್ತು ಎಳ್ಳು ಇದ್ದವೆಂದು ಆ ಡಬ್ಬಿಯ ಅಂತರ್ಜಾಲ ಪುಟದಲ್ಲಿ ಕೂಡಲೇ ಬರೆದಿದ್ದೇನೆ, ಡಬ್ಬಿ ಇಟ್ಟವರಿಗೂ ತಿಳಿಸಿ ಕ್ಷಮೆ ಕೇಳಿದ್ದೇನೆ. ಮಗ ತನ್ನ ಬುಗುರಿಯನ್ನು ಒಳಗಿಟ್ಟ. ತೆಗೆದುಕೊಂಡವರಿಂದ ಇನ್ನೂ ಉತ್ತರ ಬಂದಿಲ್ಲ.

ಉತ್ತರ

ನೀವು ಮಾಡಿದ್ದು ಸರಿಯಾಗಿದೆ ಸರ್. ಲಾಗ್‌ಬುಕ್ಕಿನಲ್ಲಿ ನಿಮ್ಮ ನಂತರ ಹೆಸರು ಬರೆದವರಿಗೆ ಒಬ್ಬೊಬ್ಬರಿಗೂ ನೇರವಾಗಿ ಸಂದೇಶ ಕಳುಹಿಸಿ. ಪುಟವನ್ನು ಎಲ್ಲರೂ ಮತ್ತೆ ತೆರೆದು ನೋಡುವುದಿಲ್ಲ.