ಒಂದೇ ದ್ವೀಪದಲ್ಲಿ ಉಳಿದಿದ್ದ ಸೀಶೆಲ್ಸ್ ವಾರ್ಬ್ಲರ್ ಚೇತರಿಸಿಕೊಂಡದ್ದು ಹೇಗೆ?

ಪ್ರಶ್ನೆ:
ಹಿಂದೂ ಮಹಾಸಾಗರದ ಸೀಶೆಲ್ಸ್ ದ್ವೀಪಗಳನ್ನು ಬಿಟ್ಟರೆ ಬೇರೆಲ್ಲೂ ಕಾಣಸಿಗದ ಸೀಶೆಲ್ಸ್ ವಾರ್ಬ್ಲರ್ ಎಂಬ ಹಾಡುಹಕ್ಕಿಯ ಬಗ್ಗೆ ಓದುತ್ತಿದ್ದೇನೆ. ಸುಮಾರು 15 ಗ್ರಾಂ ತೂಗುವ ಈ ಹಕ್ಕಿ 1960ರ ದಶಕದಲ್ಲಿ ಕಸಿನ್ ಎಂಬ ಒಂದೇ ದ್ವೀಪದಲ್ಲಿ, 30ಕ್ಕೂ ಕಡಿಮೆ ಸಂಖ್ಯೆಯಲ್ಲಿ ಉಳಿದಿತ್ತು. ಅಷ್ಟು ಕುಸಿದ ಸಂತತಿ ಮತ್ತೆ ಬೆಳೆದದ್ದು ಹೇಗೆ? ರೆಕ್ಕೆಯಿದ್ದೂ ಅದು ನೆರೆಯ ದ್ವೀಪಕ್ಕೆ ಏಕೆ ಹಾರಿಹೋಗಲಿಲ್ಲ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಮೊದಲು ಚೇತರಿಸಿಕೊಂಡದ್ದು ಕಾಡು, ಅದರ ಹಿಂದೆಯೇ ಹಕ್ಕಿ. ಎಲೆಗಳ ಅಡಿಭಾಗದಲ್ಲಿರುವ ಕೀಟಗಳನ್ನು ಹೆಕ್ಕಿ ತಿನ್ನುವ ಈ ಹಕ್ಕಿಗೆ, ಕಸಿನ್ ದ್ವೀಪವನ್ನು ಆವರಿಸಿದ್ದ ತೆಂಗಿನ ತೋಟದಲ್ಲಿ ಆಹಾರವೇ ಸಾಲುತ್ತಿರಲಿಲ್ಲ. 1968ರಲ್ಲಿ ಅಂತಾರಾಷ್ಟ್ರೀಯ ಪಕ್ಷಿ ಸಂರಕ್ಷಣಾ ಮಂಡಳಿಯು ಸುಮಾರು 29 ಹೆಕ್ಟೇರಿನ ಆ ದ್ವೀಪವನ್ನೇ ಕೊಂಡುಕೊಂಡು, ತೆಂಗನ್ನು ಹಿಂದೆ ಸರಿಸಿ, ಪಿಸೋನಿಯದಂತಹ ಸ್ಥಳೀಯ ಮರಗಳು ಮತ್ತೆ ಬೆಳೆಯಲು ಅವಕಾಶ ಮಾಡಿಕೊಟ್ಟಿತು. 1980ರ ದಶಕದ ಆರಂಭದ ವೇಳೆಗೆ ಹಕ್ಕಿಗಳ ಸಂಖ್ಯೆ 300 ದಾಟಿತ್ತು. ಪಂಜರದಲ್ಲಿಟ್ಟು ಮರಿಮಾಡಿಸುವ ಅಗತ್ಯವೇ ಬೀಳಲಿಲ್ಲ ಎಂಬುದು ನನಗೆ ಈ ಕಥೆಯ ಅತ್ಯಂತ ಸಂತಸದ ಭಾಗ.

ಉತ್ತರ 2:
ತಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ನೆರೆಯ ಕಸೀನ್ ದ್ವೀಪ (ಹೆಸರು ಹೋಲಿದರೂ ಇದು ಕಸಿನ್ ಅಲ್ಲ, ಬೇರೆಯೇ ದ್ವೀಪ) ಎರಡು ಕಿಲೋಮೀಟರಿಗಿಂತಲೂ ಹತ್ತಿರದಲ್ಲಿದೆ. ಆದರೂ ಕಾಲಿಗೆ ಉಂಗುರ ತೊಡಿಸಿ ದಶಕಗಳ ಕಾಲ ಗಮನಿಸಿದವರಿಗೆ ಕಡಲು ದಾಟಿದ ಹಕ್ಕಿ ಸಿಕ್ಕಿದ್ದು ಅತ್ಯಪರೂಪ. ಅದು ಹಾರಲಾರದ ಹಕ್ಕಿಯಲ್ಲ, ಹಾರಲೊಲ್ಲದ ಹಕ್ಕಿ. ಆದ್ದರಿಂದ ಕಸಿನ್ ತುಂಬಿದಾಗ ಬೆಳೆದ ಮರಿಗಳು, ಅದರಲ್ಲೂ ಹೆಣ್ಣುಮರಿಗಳು, ತಾಯ್ತಂದೆಯರ ನೆಲೆಯಲ್ಲೇ ಉಳಿದು ತಮ್ಮ ಒಡಹುಟ್ಟುಗಳಿಗೆ ಗುಟುಕು ಕೊಡತೊಡಗಿದವು. ಜೀವವಿಜ್ಞಾನಿ ಯಾನ್ ಕೊಮ್ಡರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಬೆರಗು ಹುಟ್ಟಿಸುತ್ತದೆ: ಕೀಟಗಳು ವಿರಳವಾದ ನೆಲೆಗಳಲ್ಲಿ ಹುಟ್ಟಿದ ಮರಿಗಳಲ್ಲಿ 77% ಗಂಡಾದರೆ, ಸಮೃದ್ಧ ನೆಲೆಗಳಲ್ಲಿ ಗಂಡಿನ ಪ್ರಮಾಣ 13% ಮಾತ್ರ. ನೆರವಾಗುವ ಹೆಣ್ಣುಮಕ್ಕಳು ಆಹಾರವಿದ್ದಲ್ಲಿ ಲಾಭ, ಇಲ್ಲದಲ್ಲಿ ಹೊರೆ.

ಪ್ರಶ್ನೆ ಕೇಳಿದವರು:
ವಿವರವಾದ ಉತ್ತರಗಳಿಗೆ ಕೃತಜ್ಞತೆಗಳು. ಹಾಗಾದರೆ ಈಗಲೂ ಒಂದು ಚಂಡಮಾರುತವೋ, ಹಡಗಿನಿಂದಿಳಿದ ಇಲಿಗಳೋ ಎಲ್ಲವನ್ನೂ ಮುಗಿಸಿಬಿಡಬಹುದಲ್ಲವೇ?

ಉತ್ತರ 2:
ಆ ಭಯದಿಂದಲೇ 1988ರಲ್ಲಿ 29 ಹಕ್ಕಿಗಳನ್ನು ಅರೀಡ್ ದ್ವೀಪಕ್ಕೂ, 1990ರಲ್ಲಿ ಅಷ್ಟೇ ಹಕ್ಕಿಗಳನ್ನು ಕಸೀನ್‌ಗೂ ಮನುಷ್ಯರೇ ಸಾಗಿಸಿದರು. ಕಸಿನ್‌ನಲ್ಲಿ ತೆರವಾದ ನೆಲೆಗಳನ್ನು ಅದುವರೆಗೆ ನೆರವಾಗುತ್ತಿದ್ದ ಹಕ್ಕಿಗಳು ಬಹುಬೇಗ ಹಿಡಿದವು. ಜಾಗವಿಲ್ಲದ್ದರಿಂದಲೇ ಅವು ಮನೆಯಲ್ಲಿ ಉಳಿದಿದ್ದವೆಂಬುದು ಅದರಿಂದ ಸ್ಪಷ್ಟವಾಯಿತು. ಮುಂದೆ 2004ರಲ್ಲಿ ಡೆನಿಸ್, 2011ರಲ್ಲಿ ಫ್ರೆಗಾಟ್ ದ್ವೀಪಗಳೂ ಸೇರಿಕೊಂಡವು.

ಉತ್ತರ 1:
ಒಂದು ಮಾತನ್ನು ಸೇರಿಸಲೇಬೇಕು. ಸಂಖ್ಯೆ ಮರಳಿದರೂ ಆನುವಂಶಿಕ ವೈವಿಧ್ಯ ಮರಳಿಲ್ಲ. ವಸ್ತುಸಂಗ್ರಹಾಲಯಗಳಲ್ಲಿರುವ ಹಳೆಯ ಮಾದರಿಗಳೊಡನೆ ಇಂದಿನ ಹಕ್ಕಿಗಳನ್ನು ಹೋಲಿಸಿದಾಗ ಆ ನಷ್ಟ ಕಾಣುತ್ತದೆ. ಐದೂ ದ್ವೀಪಗಳ ಹಕ್ಕಿಗಳು ಕಸಿನ್‌ನಲ್ಲಿ ಉಳಿದಿದ್ದ ಆ ಬೆರಳೆಣಿಕೆಯ ಹಕ್ಕಿಗಳ ಸಂತಾನವೇ.