ವಾಲ್ವ್ ಗಿಟಾರ್ ಆಂಪ್: ದೀಪ ಉರಿಯುತ್ತಿದೆ, ಶಬ್ದ ಮಾತ್ರ ಇಲ್ಲ

ಪ್ರಶ್ನೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಫೆಂಡರ್ ಚಾಂಪ್ 5ಎಫ್1 ಸರ್ಕ್ಯೂಟ್ ನೋಡಿಕೊಂಡು ಮನೆಯಲ್ಲೇ ಒಂದು ಗಿಟಾರ್ ಆಂಪ್ ಕಟ್ಟಿದ್ದೇನೆ. ವಾಲ್ವ್‌ಗಳು (ಗಾಜಿನ ವ್ಯಾಕ್ಯೂಮ್ ಟ್ಯೂಬ್) ಮೂರು: ಗಿಟಾರ್ ಸಿಗ್ನಲ್ ಹಿಗ್ಗಿಸಲು 12ಎಎಕ್ಸ್7 (ಒಂದೇ ಗಾಜಿನೊಳಗೆ ಎರಡು ಅರ್ಧ), ಸ್ಪೀಕರ್ ನಡೆಸಲು 6ವಿ6, ರೆಕ್ಟಿಫೈಯರ್‌ಗೆ (ಎಸಿಯನ್ನು ಡಿಸಿ ಮಾಡಲು) 5ವೈ3. ವಾಲ್ವ್ ಸಾಕೆಟ್‌ಗಳು ಹಳೇ ಮೈಕ್ ಸೆಟ್ಟಿನವು. ಬೇಸಿಗೆಯಲ್ಲಿ ಚೆನ್ನಾಗಿ ನುಡಿಯುತ್ತಿತ್ತು. ಮಳೆ ಹಿಡಿದ ಮೇಲೆ ಹಾಗೇ ಇಟ್ಟಿದ್ದೆ. ಈಗ ಆನ್ ಮಾಡಿದರೆ ಮೂರೂ ವಾಲ್ವ್ ಬೆಳಗುತ್ತವೆ, ಸ್ಪೀಕರ್‌ಗೆ ಕಿವಿ ಹಚ್ಚಿದರೆ ಸಣ್ಣ ಹಮ್ ಇದೆ, ಗಿಟಾರ್ ಮಾತ್ರ ಒಂಚೂರೂ ಕೇಳುವುದಿಲ್ಲ. ಗಿಟಾರು, ಕೇಬಲ್ಲು ಎರಡನ್ನೂ ಬೇರೆ ಆಂಪ್‌ಗೆ ಹಾಕಿ ನೋಡಿದೆ, ಸರಿ ಇವೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿರಬೇಕು ಅಂತ ಒಬ್ಬರು ಹೇಳಿದರು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊಸದು ತರಿಸಲೇ?

ಉತ್ತರ (ಸಾಗರ)

ಸದ್ಯಕ್ಕೆ ಏನೂ ತರಿಸಬೇಡಿ. ಹಮ್ ಕೇಳುತ್ತಿದೆ ಅಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದುಕಿದೆ. ಅದರ ಪ್ರೈಮರಿ (6ವಿ6 ಕಡೆಯ ತಂತಿ ಸುತ್ತು) ಕಡಿದುಹೋಗಿದ್ದರೆ ಸ್ಪೀಕರ್ ಪೂರ್ತಿ ಮೌನವಾಗಿರುತ್ತಿತ್ತು, 6ವಿ6 ಒಳಗೆ ಸ್ಕ್ರೀನ್ ಗ್ರಿಡ್ ಕೆಂಪಗೆ ಕಾಯುತ್ತಿತ್ತು.

ಚಾಸಿ ತೆರೆಯುವ ಮೊದಲು ಒಂದು ಮಾತು. ಒಳಗೆ 350 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. 100 ಕೆ (ಕಿಲೋಓಮ್), 2 ವಾಟ್ ರೆಸಿಸ್ಟರ್ ಒಂದನ್ನು ಕ್ಲಿಪ್ ವೈರಿನಲ್ಲಿ ಬಿ-ಪ್ಲಸ್‌ಗೂ (ಆ 350 ವೋಲ್ಟಿನ ಲೈನು) ಚಾಸಿಗೂ ನಡುವೆ ಅರ್ಧ ನಿಮಿಷ ಹಿಡಿಸಿ. ಆಮೇಲೆ ಮೀಟರ್‌ನಲ್ಲಿ ಸೊನ್ನೆ ಬಂತಾ ನೋಡಿ. ಮಳೆಗಾಲದಲ್ಲಿ ನಮ್ಮ ಗಾರೆ ನೆಲ ಒದ್ದೆ ಬಟ್ಟೆಯ ಹಾಗಿರುತ್ತದೆ. ಬರಿಗಾಲಲ್ಲಿ ನಿಂತು ಕೆಲಸ ಮಾಡಲೇಬೇಡಿ. ಒಣ ರಬ್ಬರ್ ಚಪ್ಪಲಿ, ಕಾಲ ಕೆಳಗೆ ಒಣ ಹಲಗೆ ಇರಲಿ. ಮೀಟರಿನ ಕಪ್ಪು ವೈರನ್ನು ಚಾಸಿಗೆ ಕ್ಲಿಪ್ ಮಾಡಿಬಿಡಿ, ಅಳೆಯುವಾಗ ಒಂದೇ ಕೈ ಬಳಸಿ. ಸ್ಪೀಕರ್ ಇಲ್ಲದೆ ಆಂಪ್ ಆನ್ ಮಾಡಬೇಡಿ.

ಈಗ ಹಿಂದಿನಿಂದ ಮುಂದಕ್ಕೆ, ಅಂದರೆ ಸ್ಪೀಕರ್ ಕಡೆಯಿಂದ ಇನ್‌ಪುಟ್ ಜಾಕ್ ಕಡೆಗೆ ಬನ್ನಿ. ವಾಲ್ಯೂಮ್ ಪಾಟ್ ಅರ್ಧಕ್ಕೆ ತಿರುಗಿಸಿ, ಅದರ ನಡುವಿನ ಕಾಲಿನಲ್ಲಿ ಡಿಸಿ ಇಲ್ಲ ಅಂತ ಮೀಟರ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ. ಮೀಟರಿನ ಕೆಂಪು ಮೊನೆಯಿಂದ ಅದನ್ನು ತಟ್ಟಿದರೆ ಸ್ಪೀಕರ್‌ನಲ್ಲಿ ಗುಂಯ್ ಅಂತ ಬರಬೇಕು. ಬಂದರೆ ಅಲ್ಲಿಂದ ಆಚೆ ಎಲ್ಲ ಸರಿ. ಜೊತೆಗೆ ಈ ವೋಲ್ಟೇಜ್‌ಗಳನ್ನು ಬರೆದು ಹಾಕಿ: ಮೂರು ಫಿಲ್ಟರ್ ಕೆಪಾಸಿಟರ್‌ಗಳ ಮೇಲೆ ಎಷ್ಟೆಷ್ಟು, 6ವಿ6ನ 3, 4, 8ನೇ ಪಿನ್, 12ಎಎಕ್ಸ್7ನ 1, 3, 6, 8ನೇ ಪಿನ್.

ಪ್ರಶ್ನೆ ಕೇಳಿದವರು

ಪಾಟ್ ತಟ್ಟಿದರೆ ಜೋರಾಗಿ ಗುಂಯ್ ಅನ್ನುತ್ತದೆ. ಇನ್‌ಪುಟ್ ಜಾಕ್ ತಟ್ಟಿದರೆ ಏನೂ ಇಲ್ಲ.

ಫಿಲ್ಟರ್‌ಗಳು: 350, 312, 291.
6ವಿ6: ಪಿನ್ 3ರಲ್ಲಿ 338, ಪಿನ್ 4ರಲ್ಲಿ 312, ಪಿನ್ 8ರಲ್ಲಿ 19.5.
12ಎಎಕ್ಸ್7: ಪಿನ್ 1ರಲ್ಲಿ 291, ಪಿನ್ 3ರಲ್ಲಿ 0, ಪಿನ್ 6ರಲ್ಲಿ 198, ಪಿನ್ 8ರಲ್ಲಿ 1.4.

ಉತ್ತರ (ಸಾಗರ)

ಎಷ್ಟು ಚೆನ್ನಾಗಿ ಅಳೆದಿದ್ದೀರಿ! ಉತ್ತರ ಇದರಲ್ಲೇ ಇದೆ.

6ವಿ6 ಆರೋಗ್ಯವಾಗಿದೆ. ಪಿನ್ 8ರ (ಕ್ಯಾಥೋಡ್) 470 ಓಮ್ ರೆಸಿಸ್ಟರ್ ಮೇಲೆ 19.5 ವೋಲ್ಟ್ ಅಂದರೆ ಸುಮಾರು 41 ಮಿಲಿಆಂಪ್, ಚಾಂಪ್‌ಗೆ ಸಹಜ. 12ಎಎಕ್ಸ್7ನ ಎರಡನೇ ಅರ್ಧವೂ (ಪಿನ್ 6, 8) ಸರಿ. 291ರಿಂದ 198ಕ್ಕೆ ಇಳಿದಿದೆ, ಅಂದರೆ 100 ಕೆ ರೆಸಿಸ್ಟರ್‌ನಲ್ಲಿ 0.93 ಮಿಲಿಆಂಪ್ ಹರಿಯುತ್ತಿದೆ. ಕೆಳಗೆ ಪಿನ್ 8ರ 1.5 ಕೆ ಕ್ಯಾಥೋಡ್ ರೆಸಿಸ್ಟರ್ ಮೇಲೆ 1.4 ವೋಲ್ಟ್, ಅಲ್ಲೂ ಅದೇ ಲೆಕ್ಕ ಬರುತ್ತದೆ.

ಮೊದಲನೇ ಅರ್ಧ (ಪಿನ್ 1, 3) ನೋಡಿ. ಪಿನ್ 1ರಲ್ಲೂ 291, ಫಿಲ್ಟರ್‌ನಲ್ಲೂ 291. ನಡುವೆ 100 ಕೆ ರೆಸಿಸ್ಟರ್ ಇದ್ದೂ ಒಂದು ವೋಲ್ಟೂ ಇಳಿದಿಲ್ಲ. ಕರೆಂಟೇ ಹರಿಯುತ್ತಿಲ್ಲ ಅಂತ ಆಯಿತು. ಆ ರೆಸಿಸ್ಟರ್ ಕಡಿದಿದ್ದರೆ ಪಿನ್ 1ರಲ್ಲಿ ಸೊನ್ನೆ ಬರಬೇಕಿತ್ತು. ಕ್ಯಾಥೋಡ್ ರೆಸಿಸ್ಟರ್ ಕಡಿದಿದ್ದರೆ ಪಿನ್ 3 ಸೊನ್ನೆಯಲ್ಲಿ ಕೂರದೆ ಕೆಲವು ವೋಲ್ಟ್ ಮೇಲೆ ತೇಲುತ್ತಿತ್ತು. ಎರಡೂ ಅಲ್ಲ. ಬಿಡಿಭಾಗಗಳು ಸರಿ, ವಾಲ್ವಿನ ಆ ಅರ್ಧ ಮಾತ್ರ ಕೆಲಸ ಮಾಡುತ್ತಿಲ್ಲ.

12ಎಎಕ್ಸ್7 ಒಳಗೆ ಹೀಟರ್ ಎರಡು ತುಂಡಾಗಿ ಇರುತ್ತದೆ, ಒಂದೊಂದು ಅರ್ಧಕ್ಕೆ ಒಂದೊಂದು. ಒಂದು 4ರಿಂದ 9ಕ್ಕೆ, ಇನ್ನೊಂದು 5ರಿಂದ 9ಕ್ಕೆ. 4 ಮತ್ತು 5ನ್ನು ಸಾಕೆಟ್ ಕೆಳಗೆ ಸೇರಿಸಿ 6.3 ವೋಲ್ಟ್ ಕೊಡುತ್ತೇವೆ, ಅಲ್ವಾ? ಸಾಕೆಟ್‌ನಲ್ಲಿ 4 ಅಥವಾ 5, ಯಾವುದೋ ಒಂದು ಹಿಡಿತ ಬಿಟ್ಟರೂ ವಾಲ್ವ್ ಬೆಳಗುತ್ತಲೇ ಇರುತ್ತದೆ, ಆದರೆ ಅರ್ಧ ಮಾತ್ರ. ಕೋಣೆಯ ದೀಪ ಆರಿಸಿ, ವಾಲ್ವಿನ ನೆತ್ತಿಯಿಂದ ಒಳಗೆ ನೋಡಿ. ಎರಡು ಕಿತ್ತಳೆ ಚುಕ್ಕಿ ಕಾಣಬೇಕು. ಒಂದೇ ಕಂಡರೆ ಆಫ್ ಮಾಡಿ, ಕೆಪಾಸಿಟರ್ ಖಾಲಿ ಮಾಡಿ, ವಾಲ್ವ್ ಕಿತ್ತು 4–9 ಮತ್ತು 5–9 ಓಮ್ ಅಳೆಯಿರಿ. ತಣ್ಣಗಿದ್ದಾಗ ಎರಡೂ ಕೆಲವೇ ಓಮ್, ಹೆಚ್ಚುಕಡಿಮೆ ಸಮ ಬಂದರೆ ವಾಲ್ವ್ ಚೆನ್ನಾಗಿದೆ, ತಪ್ಪು ಸಾಕೆಟ್‌ದು. ನನಗೆ ಸಾಕೆಟ್ ಮೇಲೇ ಅನುಮಾನ. ಮಲೆನಾಡಿನ ಮಳೆಗಾಲದಲ್ಲಿ ಹಳೇ ಸಾಕೆಟ್‌ಗೆ ಕಿಲುಬು ಹಿಡಿಯದಿದ್ದರೆ ಆಶ್ಚರ್ಯ.

ಇನ್ನೊಬ್ಬರು (ಭದ್ರಾವತಿ)

ನಮ್ಮ ಕಡೆ ಹಳೇ ರೇಡಿಯೋ ರಿಪೇರಿಯಲ್ಲಿ ಇದೇ ಕಾಟ ಜಾಸ್ತಿ. ವಾಲ್ವನ್ನು ಒಂದೆರಡು ಸಲ ಕಿತ್ತು ಹಾಕಿದರೆ ಶಬ್ದ ಬಂದುಬಿಡಬಹುದು, ಆದರೆ ಅದನ್ನು ನಂಬಬೇಡಿ, ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ.

ಪ್ರಶ್ನೆ ಕೇಳಿದವರು

ಒಂದೇ ಚುಕ್ಕಿ! ಇನ್ನೊಂದು ಕಡೆ ಪೂರ್ತಿ ಕತ್ತಲೆ. ವಾಲ್ವ್ ಕಿತ್ತು ಅಳೆದರೆ ಎರಡೂ ಹೀಟರ್ ಸಮ. ಟಾರ್ಚ್ ಬಿಟ್ಟು ನೋಡಿದೆ. 4ನೇ ರಂಧ್ರದ ಹಿತ್ತಾಳೆ ಎಸಳುಗಳ ಮೇಲೆ ಹಸಿರು ಕಿಲುಬು ಪುಡಿಯಾಗಿ ಕೂತಿದೆ, ಒಂದು ಎಸಳು ಹಿಂದಕ್ಕೆ ಬಾಗಿ ಪಿನ್‌ಗೆ ತಾಗುತ್ತಲೇ ಇಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಹಲ್ಲಿನ ಸಂದಿ ತಿಕ್ಕುವ ಸಣ್ಣ ಬ್ರಷ್ಷಿನಿಂದ ಉಜ್ಜಿದೆ. ಸೂಜಿ ಮೊನೆಯಲ್ಲಿ ಎಸಳನ್ನು ಒಳಕ್ಕೆ ತಳ್ಳಿದೆ. ಪೂರ್ತಿ ಒಣಗಿದ ಮೇಲೆ ಆನ್ ಮಾಡಿದೆ. ಎರಡು ಚುಕ್ಕಿ, ಗಿಟಾರ್ ಬಂತು! ಪಿನ್ 1ರಲ್ಲಿ ಈಗ 181, ಪಿನ್ 3ರಲ್ಲಿ 1.3. ಆದರೆ ಫಿಲ್ಟರ್‌ನಲ್ಲಿ 291 ಇದ್ದದ್ದು 270ಕ್ಕೆ ಇಳಿದಿದೆ. ಇದೇನಾದರೂ ತೊಂದರೆಯಾ?

ಉತ್ತರ (ಸಾಗರ)

ತೊಂದರೆ ಅಲ್ಲ, ಹಾಗೇ ಆಗಬೇಕು. ಈಗ ಎರಡು ಅರ್ಧವೂ ಕರೆಂಟ್ ಎಳೆಯುತ್ತಿವೆ, ಎರಡನೇ ಮತ್ತು ಮೂರನೇ ಫಿಲ್ಟರ್ ನಡುವಿನ 22 ಕೆ ರೆಸಿಸ್ಟರ್‌ನಲ್ಲಿ ಇಳಿತ ಹೆಚ್ಚಾಗಿದೆ. ಪಿನ್ 6 ಕೂಡ 180ರ ಆಸುಪಾಸಿಗೆ ಬಂದಿರುತ್ತದೆ. ಟ್ರಾನ್ಸ್‌ಫಾರ್ಮರ್ ದುಡ್ಡು ಉಳಿಯಿತು, ಅದರಲ್ಲಿ ಸ್ವಲ್ಪ ಖರ್ಚು ಮಾಡಿ ಹೊಸ ಪಿಂಗಾಣಿ ಸಾಕೆಟ್ ತರಿಸಿ ಹಾಕಿ. ಬಾಗಿದ ಎಸಳು ಮೊದಲಿನ ಬಿಗಿ ಉಳಿಸಿಕೊಳ್ಳುವುದಿಲ್ಲ. 6ವಿ6 ಸಾಕೆಟ್ಟನ್ನೂ ಟಾರ್ಚ್ ಹಿಡಿದು ನೋಡಿಬಿಡಿ. ಅಲ್ಲಿ ಗ್ರಿಡ್ ಪಿನ್ ಹಿಡಿತ ಬಿಟ್ಟರೆ ಬಯಾಸ್ (ವಾಲ್ವಿನ ಕರೆಂಟನ್ನು ಹದದಲ್ಲಿಡುವ ವೋಲ್ಟೇಜ್) ತಪ್ಪಿ ವಾಲ್ವೇ ಸುಟ್ಟುಹೋಗಬಹುದು. ಮಳೆ ಮುಗಿಯುವವರೆಗೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಆನ್ ಮಾಡಿ ನುಡಿಸಿ, ಆ ಕಾವಿಗೆ ಒಳಗಿನ ತೇವ ಹೋಗುತ್ತದೆ.