ಪಟ್ಟೆದಾರರ ಹೆಸರಿನಲ್ಲಿರುವ ತೋಟದ ಮಾರಾಟ: ವಕೀಲರನ್ನು ಯಾವ ಹಂತದಲ್ಲಿ ಕಾಣಬೇಕು?

ಪ್ರಶ್ನೆ (ಪೊನ್ನಂಪೇಟೆ ತಾಲ್ಲೂಕಿನ ಬೆಳೆಗಾರ)

ಮಾನ್ಯರೇ, ನಮ್ಮ ಕುಟುಂಬದ ಕಾಫಿ ತೋಟ ಮತ್ತು ಅದಕ್ಕೆ ತಾಗಿದ ಜಮ್ಮಾ ಬಾಣೆಯ (ಕೊಡಗಿನಲ್ಲಿ ಗದ್ದೆಗೆ ಸೇರಿ ವಂಶಪಾರಂಪರ್ಯವಾಗಿ ಬಂದ ಕಾಡುಮೇಡಿನ ಜಾಗದ) ಪಹಣಿಯಲ್ಲಿ, 9ನೇ ಕಲಂನಲ್ಲಿ, ತೀರಿಹೋದ ದೊಡ್ಡಪ್ಪನವರ ಹೆಸರೇ ಪಟ್ಟೆದಾರರೆಂದು (ಕುಟುಂಬದ ಪರವಾಗಿ ದಾಖಲೆಯಲ್ಲಿ ಹೆಸರಿರುವ ಹಿರಿಯರೆಂದು) ಇಂದಿಗೂ ಇದೆ. ಹಿರಿಯರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಾಗ ನಮ್ಮ ತಂದೆಯವರಿಗೆ ಬಂದ ಭಾಗವನ್ನು ನಾವು ನೋಡಿಕೊಂಡು ಬಂದಿದ್ದೇವೆ. ತಂದೆಯವರು ಈಗಿಲ್ಲ. ತಾಯಿ ಮತ್ತು ನಾನು ಊರಿನಲ್ಲಿದ್ದೇವೆ, ಅಕ್ಕ ಮೈಸೂರಿನಲ್ಲಿದ್ದಾರೆ, ತಮ್ಮ ಕೆನಡಾದಲ್ಲಿದ್ದಾನೆ. ಹೋಂಸ್ಟೇ ಮಾಡುವ ಉದ್ದೇಶದಿಂದ ಬೆಂಗಳೂರಿನವರೊಬ್ಬರು ಈ ಜಾಗವನ್ನು ಕೇಳಿದ್ದು, ಬ್ರೋಕರ್ ಈಗಾಗಲೇ ಕರಾರು ಬರೆಸಿ ತಂದಿದ್ದಾರೆ. ಅದರಲ್ಲಿ ‘ಮಾರಾಟಗಾರರು 90 ದಿನಗಳೊಳಗೆ ತಮ್ಮ ಖರ್ಚಿನಲ್ಲಿ ಎಲ್ಲ ದಾಖಲೆಗಳನ್ನು ಸರಿಪಡಿಸಿಕೊಡತಕ್ಕದ್ದು, ತಪ್ಪಿದಲ್ಲಿ ಮುಂಗಡದ ಎರಡು ಪಟ್ಟು ಹಿಂತಿರುಗಿಸತಕ್ಕದ್ದು’ ಎಂಬ ಒಂದು ಷರತ್ತಿದೆ. ವಕೀಲರ ಖರ್ಚು ಬೇಡ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಎಲ್ಲವನ್ನೂ ನೋಡಿಯೇ ನೋಂದಣಿ ಮಾಡುತ್ತಾರೆ ಎಂಬುದು ಬ್ರೋಕರ್ ಮಾತು. ಇದು ಸರಿಯೇ? ವಕೀಲರ ಅಗತ್ಯ ನಿಜವಾಗಿ ಯಾವಾಗ ಬರುತ್ತದೆ ಎಂಬುದನ್ನು ತಿಳಿದವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1 (ಮಡಿಕೇರಿಯಲ್ಲಿ ಸಿವಿಲ್ ವಕೀಲಿ ಮಾಡುವವರು)

ದಯವಿಟ್ಟು ಆ ಕರಾರಿಗೆ ಸಹಿ ಹಾಕಬೇಡಿ, ಮುಂಗಡವನ್ನೂ ತೆಗೆದುಕೊಳ್ಳಬೇಡಿ. ವಕೀಲರನ್ನು ಕಾಣಬೇಕಾದ ಸಮಯ ಇದೇ. ಸಬ್ ರಿಜಿಸ್ಟ್ರಾರ್ ಅವರು ಬರೆದುಕೊಡುವವರ ಗುರುತು, ಮುದ್ರಾಂಕ ಶುಲ್ಕ, ಲಗತ್ತಿಸಬೇಕಾದ ದಾಖಲೆಗಳು ಮುಂತಾದುವನ್ನು ನೋಡುತ್ತಾರೆಯೇ ಹೊರತು, ಮಾರುವವರಿಗೆ ಆ ಜಾಗದ ಮೇಲೆ ನಿಜವಾದ ಹಕ್ಕಿದೆಯೇ ಎಂಬುದನ್ನು ತೀರ್ಮಾನಿಸುವುದಿಲ್ಲ. ಹಕ್ಕಿಲ್ಲದವರು ಬರೆದುಕೊಟ್ಟ ಕ್ರಯಪತ್ರವು ನೋಂದಣಿಯಾದ ಮಾತ್ರಕ್ಕೆ ಕೊಂಡವರಿಗೆ ಹಕ್ಕು ಹುಟ್ಟುವುದಿಲ್ಲ, ಮತ್ತು ಅಂಥ ಪತ್ರದಿಂದ ಹುಟ್ಟುವ ದಾವೆ ಮಾರಿದವರನ್ನೂ ಬಿಡುವುದಿಲ್ಲ.

ನಿಮ್ಮ ವಿಷಯದಲ್ಲಿ ಮೂಲ ತೊಡಕು ಬಾಯಿಮಾತಿನ ಪಾಲು. 2005ರ ತಿದ್ದುಪಡಿಯ ನಂತರ ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮಿನಂತೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕಿದೆ. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹೆಣ್ಣುಮಕ್ಕಳ ಪಾಲನ್ನು ತಪ್ಪಿಸಲು ಬಾಯಿಮಾತಿನ ಪಾಲನ್ನು ಮುಂದಿಟ್ಟರೆ, ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭದಲ್ಲಿ ಮಾತ್ರ ಅದನ್ನು ಒಪ್ಪಬಹುದು ಎಂದೂ ಅದೇ ತೀರ್ಪು ಹೇಳುತ್ತದೆ. ಆದ್ದರಿಂದ ನಿಮ್ಮ ಅಕ್ಕ ಮಾತ್ರವಲ್ಲ, ದೊಡ್ಡಪ್ಪನವರ ಹೆಣ್ಣುಮಕ್ಕಳು ಮತ್ತು ನಿಮ್ಮ ಸೋದರತ್ತೆಯರ ಸ್ಥಾನವನ್ನೂ ವಂಶವೃಕ್ಷ ಹಿಡಿದು ನೋಡಬೇಕಾಗುತ್ತದೆ. ಪಾಲು ಬೇಡವೆನ್ನುವವರಿಂದ ಹಕ್ಕು ಖುಲಾಸೆ ಪತ್ರ ಪಡೆದು, 11ಇ ನಕ್ಷೆ (ಪ್ರತಿ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ಉಳಿದ ಪಾಲುದಾರರೆಲ್ಲ ಸೇರಿ ವಿಭಾಗ ಪತ್ರವನ್ನು ನೋಂದಾಯಿಸಿ, ಪೋಡಿಯಾದ (ಸರ್ವೆ ನಂಬರ್ ವಿಭಜನೆಯಾದ) ಬಳಿಕ ಮಾರಾಟಕ್ಕೆ ಇಳಿಯುವುದೇ ಸರಿಯಾದ ಕ್ರಮ.

ಇಷ್ಟು ಕೆಲಸ 90 ದಿನಗಳಲ್ಲಿ ಮುಗಿಯುವುದು ಬಹಳ ಕಷ್ಟ. ಆ ಷರತ್ತಿಗೆ ಒಪ್ಪಿದರೆ, ನಿಮ್ಮ ಕೈಯಲ್ಲಿಲ್ಲದ ಸರ್ವೆ ಮತ್ತು ಕಂದಾಯ ಇಲಾಖೆಯ ವಿಳಂಬಕ್ಕೆ ನೀವೇ ದಂಡ ತೆರಬೇಕಾಗುತ್ತದೆ. ಕೊಳ್ಳುವವರು ಕರಾರಿನ ಜಾರಿಗಾಗಿ ಮೂರು ವರ್ಷದೊಳಗೆ ದಾವೆ ಹೂಡಬಹುದು. ದಾವೆ ಇತ್ಯರ್ಥವಾಗುವವರೆಗೆ ತೋಟ ಬೇರೆಯವರಿಗೂ ಮಾರಲಾಗದೆ ನಿಂತುಬಿಡುತ್ತದೆ.

ಉತ್ತರ 2 (ಸೋಮವಾರಪೇಟೆ ಕಡೆ ಜಾಗ ಕೊಂಡವರು)

ಕೊಳ್ಳುವವರ ಕಡೆಯಿಂದ ಹೇಳುವುದಾದರೆ, 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ 79ಎ ಮತ್ತು 79ಬಿ ಕಲಮುಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವುದು ಸುಲಭವಾಗಿದೆ. ಕೊಳ್ಳುವುದು ಸುಲಭವಾಯಿತೆಂದು ಹೊರಗಿನಿಂದ ಬರುವ ಹೂಡಿಕೆದಾರರು ಉಳಿದುದನ್ನೂ ಸುಲಭವೆಂದೇ ಭಾವಿಸುತ್ತಾರೆ. ತೋಟದಲ್ಲಿ ಕಟ್ಟಡ ಕಟ್ಟಿ ವ್ಯವಹಾರ ಮಾಡಬೇಕಾದರೆ ಭೂಪರಿವರ್ತನೆ ಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದುದನ್ನು ಕಂಡ ಮೇಲೆ ಇಳಿಜಾರಿನ ಜಾಗಕ್ಕೆ ಅನುಮತಿ ತಾನಾಗಿ ಸಿಗುತ್ತದೆಂದು ಯಾರೂ ನಂಬಬಾರದು.

ನಾನು ಕೊಳ್ಳುವಾಗ ವಕೀಲರು ಮೊದಲು ಕೇಳಿದ್ದು ಬೆಲೆಯನ್ನಲ್ಲ, ಜಾಗಕ್ಕೆ ಹೋಗುವ ದಾರಿಯನ್ನು. ಪಕ್ಕದ ತೋಟದ ಗೇಟು ದಾಟಿ ಜೀಪು ಹೋಗುತ್ತಿದ್ದರೂ ಆ ದಾರಿ ಯಾವ ಪತ್ರದಲ್ಲೂ ಇರಲಿಲ್ಲ. ಅದನ್ನು ಪಕ್ಕದವರಿಂದ ನೋಂದಾಯಿತ ಪತ್ರದ ಮೂಲಕ ಬರೆಸಿಕೊಂಡ ನಂತರವೇ ಮುಂದುವರಿದೆವು. ಮರಗಳ ವಿಷಯವೂ ಹಾಗೆಯೇ. ಜಾಗ ರಿಡೀಮ್ಡ್ (ಮರದ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು) ಆಗಿದೆಯೇ, ಅನ್‌ರಿಡೀಮ್ಡ್ ಆಗಿದೆಯೇ ಎಂಬುದರ ಮೇಲೆ ಬೀಟೆ, ತೇಗಗಳ ಬೆಲೆ ಯಾರದೆಂಬುದು ನಿಂತಿದೆ. ಮರದ ಮೌಲ್ಯ ಸರ್ಕಾರಕ್ಕೆ ಸಂದಾಯವಾಗದಿದ್ದರೆ, ಮರದ ಬೆಲೆ ಸೇರಿಸಿ ತೋಟ ಮಾರುವವರೂ ಕೊಳ್ಳುವವರೂ ತಮ್ಮದಲ್ಲದ ವಸ್ತುವಿಗೆ ಬೆಲೆ ಕಟ್ಟಿದಂತಾಗುತ್ತದೆ. ತೋಟದ ಬೇಲಿಯೊಳಗೆ ಪೈಸಾರಿ (ಸರ್ಕಾರಿ) ಜಾಗ ಸೇರಿಕೊಂಡಿದೆಯೇ ಎಂಬುದನ್ನು ಸರ್ವೆ ನಕ್ಷೆಯೊಂದಿಗೆ ಹೋಲಿಸಿ ನೋಡಲೇಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ, 1978ರ ಪಿಟಿಸಿಎಲ್ (ಇಂಥ ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ.

ಬ್ಯಾಂಕಿನ ಪ್ಯಾನೆಲ್ ವಕೀಲರು ಅಭಿಪ್ರಾಯ ಕೊಟ್ಟಿದ್ದಾರೆ, ಮತ್ತೇನು ಬೇಕು ಎಂದು ಕೇಳುವವರಿದ್ದಾರೆ. ಆ ಅಭಿಪ್ರಾಯ ಬ್ಯಾಂಕಿನ ಸಾಲದ ಭದ್ರತೆಗಾಗಿ ಬರೆದದ್ದು. ಕೊಳ್ಳುವವರಿಗೆ ತಮ್ಮದೇ ವಕೀಲರು ಬೇಕು, ಮಾರುವವರಿಗೂ ಬೇರೆಯವರೇ ಬೇಕು.

ಉತ್ತರ 3 (ನಿವೃತ್ತ ಕಂದಾಯ ನೌಕರರು)

ಎಲ್ಲದಕ್ಕೂ ವಕೀಲರ ಬಾಗಿಲು ತಟ್ಟಬೇಕಿಲ್ಲ ಎಂಬುದನ್ನೂ ಹೇಳಬೇಕು. ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ಋಣಭಾರ ಪ್ರಮಾಣಪತ್ರಗಳನ್ನು ನೀವೇ ಪಡೆಯಬಹುದು. ವಾರಸುದಾರರಲ್ಲಿ ತಕರಾರಿಲ್ಲದಿದ್ದರೆ ಪೌತಿ ಖಾತೆಯ (ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ) ಅರ್ಜಿಯನ್ನೂ ನೀವೇ ಕೊಡಬಹುದು. ಆದರೆ ಋಣಭಾರ ಪ್ರಮಾಣಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ನೋಂದಣಿಯಾಗದ ಉಯಿಲಾಗಲಿ, ನ್ಯಾಯಾಲಯದಲ್ಲಿ ನಡೆಯುತ್ತಿರುವ ಪಾಲಿನ ದಾವೆಯಾಗಲಿ ಅದರಲ್ಲಿ ಸಿಗುವುದಿಲ್ಲ. ಪಹಣಿಯ 11ನೇ ಕಲಂನಲ್ಲಿ ಹಳೆಯ ಬೆಳೆಸಾಲದ ನಮೂದು ಉಳಿದಿದ್ದರೆ ಅದನ್ನು ಈಗಲೇ ತೀರುವಳಿ ಪತ್ರ ಕೊಟ್ಟು ತೆಗೆಸಿಕೊಳ್ಳಿ.

ಪ್ರಶ್ನೆ ಕೇಳಿದವರು

ತಮಗೆಲ್ಲ ಧನ್ಯವಾದಗಳು. ಮುಂಗಡ ಬೇಡವೆಂದು ಬ್ರೋಕರ್‌ಗೆ ತಿಳಿಸಿದ್ದೇನೆ. ಕೆನಡಾದ ತಮ್ಮ ಈಗ ಅಲ್ಲಿನ ಪೌರನಾಗಿದ್ದಾನೆ. ಅವನು ಬಾರದೆಯೇ ಸಹಿ ಮಾಡುವ ದಾರಿ ಇದೆಯೇ?

ಉತ್ತರ 1 (ಮಡಿಕೇರಿಯಲ್ಲಿ ಸಿವಿಲ್ ವಕೀಲಿ ಮಾಡುವವರು)

ಇದೆ. ಪಿತ್ರಾರ್ಜಿತವಾಗಿ ಬಂದ ಹಕ್ಕು ಅವರಿಗೆ ಉಳಿದೇ ಇರುತ್ತದೆ. ಭಾರತದಲ್ಲಿ ವಾಸವಾಗಿರುವ ಭಾರತೀಯ ಪೌರರಿಗೆ ಅವರು ಅದನ್ನು ಮಾರಬಹುದು. ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಅಥವಾ ನೋಟರಿಯವರ ಮುಂದೆ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಬರೆದು ಕಳುಹಿಸಿದರೆ, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅಧಿಕಾರಪತ್ರದಲ್ಲಿ ವಿಭಾಗ, ಹಕ್ಕು ಖುಲಾಸೆ, ಮಾರಾಟ, ಹಣ ಸ್ವೀಕಾರ ಎಂಬ ಒಂದೊಂದು ಅಧಿಕಾರವನ್ನೂ ಸರ್ವೆ ನಂಬರ್ ಸಹಿತ ಪ್ರತ್ಯೇಕವಾಗಿ ನಮೂದಿಸಲು ಹೇಳಿ. ಅವರ ಪಾಲಿನ ಹಣದ ಮೇಲಿನ ತೆರಿಗೆ ಕಡಿತದ ನಿಯಮಗಳು ನಿಮ್ಮಂತೆ ಇರುವುದಿಲ್ಲವಾದ್ದರಿಂದ, ಕೊಳ್ಳುವವರಿಗೆ ಅವರು ವಿದೇಶದಲ್ಲಿದ್ದಾರೆಂಬುದನ್ನು ಕರಾರಿನಲ್ಲಿಯೇ ಬರೆದು ತಿಳಿಸಬೇಕು. ಅಧಿಕಾರಪತ್ರದ ಕರಡನ್ನು ಕೆನಡಾಕ್ಕೆ ಕಳುಹಿಸುವ ಮೊದಲು, ಪಹಣಿ ಮತ್ತು ವಂಶವೃಕ್ಷದ ಪ್ರತಿಗಳೊಂದಿಗೆ ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ.